ಕೆಳದುರ್ಗದ ಪ್ರಾಣಿಕೋಶ

ಡಿಸೆಂಬರ್ ೧೪, ೨೦೨೫

ದಿನಚರಿ ಬರೆಯುವ ಚಟ ನನಗಿಲ್ಲ. ಹೈಸ್ಕೂಲು ಮಕ್ಕಳ ಗಣಿತದ ಪುಸ್ತಕ ತಿದ್ದಿ ತಿದ್ದಿ ಅಕ್ಷರ ಕಂಡರೆ ಬೇಸರಪಡುವವಳು ನಾನು. ನಮ್ಮ ಮನೆಯಲ್ಲಿ ಬರೆಯುತ್ತಿದ್ದವರು ಇವರು, ನನ್ನ ಗಂಡ. ಇವರು ಹೋಗಿ ಇಂದಿಗೆ ಮೂವತ್ತೆರಡು ದಿನ. ಯಾರ ಜೊತೆಗೂ ಮಾತು ಬೇಡವಾಗಿದೆ, ಅದಕ್ಕೇ ಇಲ್ಲಿ ಮಾತಾಡುತ್ತಿದ್ದೇನೆ.

ಬೆಳಿಗ್ಗೆ ಪ್ರಕಾಶಕ ಗಿರೀಶ್ ಬಂದಿದ್ದರು. ನಮ್ಮವರು ಮಾರಿಕಣಿವೆಯ ಅಣೆಕಟ್ಟೆಯಲ್ಲಿ ದಿನವೂ ನೀರಿನ ಮಟ್ಟ ನೋಡಿ ಬರೆದಿಡುವ ನೌಕರರಾಗಿದ್ದರು. ಸಂಜೆ ಬೈಕಿನಲ್ಲಿ ದುರ್ಗಕ್ಕೆ ಬಂದು ಕೈಕಾಲು ತೊಳೆದು ಮಕ್ಕಳ ಕತೆ ಬರೆಯುತ್ತಿದ್ದರು. ಗಿರೀಶ್ ಅಂಥ ಮೂರು ಪುಸ್ತಕ ಅಚ್ಚು ಹಾಕಿದ್ದಾರೆ. ಮೂರೂ ಕೆಳದುರ್ಗದ ಕತೆಗಳು. ಕೆಳದುರ್ಗ ಅಂದರೆ ನಮ್ಮ ಕೋಟೆಯ ಬಂಡೆಗಳ ಅಡಿಯಲ್ಲಿರುವ ಇನ್ನೊಂದು ದುರ್ಗ. ಇಲ್ಲಿ ಏಳು ಸುತ್ತು ಮೇಲಕ್ಕೆ, ಅಲ್ಲಿ ಏಳು ಸುತ್ತು ಕೆಳಕ್ಕೆ. ಅಲ್ಲಿ ಹೊಂಡದ ನೀರು ಮೇಲ್ಮುಖವಾಗಿ ಸುರಿಯುತ್ತದೆ, ಬಂಡೆಗಳು ಉಸಿರಾಡುತ್ತವೆ, ನಾವು ಮೇಲೆ ಬಿಟ್ಟುಬಂದ ನೆರಳುಗಳನ್ನು ಮೇಯುವ ಕುರಿಗಳಿವೆ.

ಗಿರೀಶ್‌ಗೆ ಈಗ ಬೇಕಾಗಿರುವುದು ಕತೆಯಲ್ಲ, ಪ್ರಾಣಿಕೋಶ. ಕೆಳದುರ್ಗದ ಶಾಲೆಯಲ್ಲಿ ಮಕ್ಕಳು ಓದುವ ಪಠ್ಯಪುಸ್ತಕ ಹೇಗೋ ಮೇಲಿನವರ ಕೈಗೆ ಸಿಕ್ಕಿಬಿಟ್ಟಂತೆ ಅದು ಇರಬೇಕಂತೆ. ಬರೆದವನು ಗೊಣಗಜ್ಜ, ಕತೆಗಳಲ್ಲಿ ಬರುವ ಅಲ್ಲಿನ ಮುದಿ ಮೇಷ್ಟ್ರು. ಇವರು ಅರ್ಧ ಬರೆದಿದ್ದರು.

"ಉಳಿದರ್ಧ ನೀವೇ ಬರೀರಿ ಮೇಡಂ. ಹೊರಗಿನೋರ ಕೈಲಿ ಬರೆಸಕೆ ನಂಗೆ ಮನಸ್ಸು ಒಪ್ತಿಲ್ಲ."

"ನಾನು ಲೆಕ್ಕದ ಮೇಡಂ ಕಣ್ರಿ ಗಿರೀಶ್. ನಂಗೆ ಕತೆಗಿತೆ ಬರಲ್ಲ."

"ಗೊಣಗಜ್ಜನೂ ಮೇಷ್ಟ್ರೇ ಅಲ್ವ? ಸಿಡುಕೋದು ನಿಮಗೆ ಬರಲ್ವ?" ಎಂದು ನಗಿಸಲು ನೋಡಿದರು. ನಾನು ನಗಲಿಲ್ಲ. ಆದರೂ ಹೂಂ ಅಂದೆ. ಇವರ ಕೆಲಸ ಅರ್ಧಕ್ಕೆ ನಿಲ್ಲುವುದನ್ನು ನನಗೆ ಸಹಿಸಲಾಗದು.

ಹುಡುಗಿ, ಇವರ ಮಗಳು, ಕೋಣೆಯ ಬಾಗಿಲು ಹಾಕಿಕೊಂಡು ಕೂತಿದ್ದಳು. ಗಿರೀಶ್ ಹೋದ ಮೇಲೂ ತೆಗೆಯಲಿಲ್ಲ.

ಡಿಸೆಂಬರ್ ೨೧

ಹೊಸದುರ್ಗದಿಂದ ಸುಪ್ರಿಯಾ ಬಂದಿದ್ದಳು. ಇವರ ಮೊದಲ ಹೆಂಡತಿಯ ತಂಗಿ, ಅಂದರೆ ಮೋನಿಕಾಳ ಚಿಕ್ಕಮ್ಮ. ಮೋನಿಕಾ ನಾಲ್ಕು ವರ್ಷದವಳಿದ್ದಾಗ ಅವಳ ತಾಯಿ ತೀರಿಕೊಂಡರು. ನಾನು ಈ ಮನೆಗೆ ಬಂದು ಎರಡು ವರ್ಷ. ಹುಡುಗಿ ನಮ್ಮ ಶಾಲೆಯಲ್ಲೇ ಆರನೆಯ ತರಗತಿ. ಮದುವೆಗೆ ಮುಂಚೆ ನನ್ನನ್ನು ಮಿಸ್ ಎನ್ನುತ್ತಿದ್ದಳು, ಈಗಲೂ ಮಿಸ್ ಎನ್ನುತ್ತಾಳೆ. ಮನೆಯಲ್ಲಿ, ಬಚ್ಚಲಿನಿಂದ ಟವೆಲ್ ಕೇಳುವಾಗಲೂ, "ಮಿಸ್, ಟವೆಲ್." ಇವರು ಇದನ್ನು ಹೇಳಿಕೊಂಡು ನಗುತ್ತಿದ್ದರು.

ಸುಪ್ರಿಯಾ ಕಾಫಿ ಲೋಟ ಕೆಳಗಿಟ್ಟು, ಹೇಳಲೋ ಬೇಡವೋ ಎಂಬಂತೆ ಕೇಳಿದಳು: "ಅಕ್ಕ, ತಪ್ಪು ತಿಳ್ಕಬ್ಯಾಡ್ರಿ. ಜೂನ್‌ಗೆ ಮೋನೀನ ನಾನು ಕರ್ಕಂಡು ಹೋಗ್ಲಾ? ನಮಗೂ ಮಕ್ಕಳಿಲ್ಲ. ನೀವಿನ್ನೂ ಚಿಕ್ಕೋರು. ನಿಮಗೂ ಒಂದು ದಾರಿ ಆಗಬೇಕಲ್ಲ."

ಹೊಳಲ್ಕೆರೆಯಿಂದ ನಮ್ಮಮ್ಮನೂ ಫೋನಿನಲ್ಲಿ ಇದನ್ನೇ ಹೇಳುತ್ತಿದ್ದಾಳೆ, ಬಂದುಬಿಡು ಅಂತ. "ಆಗಲಿ ಕರ್ಕಂಡು ಹೋಗು. ಅದೇ ಸರಿ," ಎಂದೆ. ಯೋಚನೆ ಮಾಡಲೂ ಇಲ್ಲ. ಬಸ್ಸಿನಲ್ಲಿ ಸೀಟು ಬಿಟ್ಟುಕೊಡುವ ಹಾಗೆ ಹೇಳಿಬಿಟ್ಟೆ. ಸುಪ್ರಿಯಾ ಅತ್ತಳು. ನನಗೆ ಹಗುರವಾಯಿತು.

ಜನವರಿ ೪, ೨೦೨೬

ಇವರು ಬರೆದ ಭಾಗ ಓದಿದೆ. ಒಂದು ಇಲ್ಲಿ ಇಳಿಸಿಕೊಳ್ಳುತ್ತೇನೆ:

"ಕಲ್ಲಾಮೆ. ನೋಡಲು ಬಂಡೆ. ಇದರ ಮೇಲೆ ಕೂತು ಬುತ್ತಿ ಬಿಚ್ಚಿದವರು ಊಟ ಮುಗಿಯುವ ಹೊತ್ತಿಗೆ ಬೇರೆ ಊರಿನಲ್ಲಿರುತ್ತಾರೆ. ಕೈ ತೊಳೆಯಲು ನೀರು ಎಲ್ಲಿ ಎಂದು ನನ್ನನ್ನು ಕೇಳಬೇಡಿ."

ಓದುತ್ತ ಇವರ ದನಿಯೇ ಕೇಳಿಸಿತು. ಎದ್ದು ಹೋಗಿ ಮುಖ ತೊಳೆದುಕೊಂಡು ಬಂದು ನನ್ನದನ್ನು ಬರೆದೆ: "ಹುಣಸೆಗೂಬೆ. ಉದ್ದ ಒಂದು ಅಡಿ ಎರಡು ಅಂಗುಲ. ತೂಕ ಎಂಟುನೂರು ಗ್ರಾಂ. ಹುಣಸೆಮರದಲ್ಲಿ ವಾಸ. ಆಹಾರ ಹುಣಸೆಹಣ್ಣು."

ಮಧ್ಯಾಹ್ನ ಮಲಗಿ ಎದ್ದು ನೋಡಿದರೆ ಹಾಳೆಯ ಮೇಲೆ ಕೆಂಪು ಶಾಯಿಯಲ್ಲಿ ದೊಡ್ಡ ತಪ್ಪು ಗುರುತು. ಕೆಳಗೆ ಹತ್ತಕ್ಕೆ ಎರಡು ಅಂಕ. "ಗೂಬೆ ಏನು ಮಾಡುತ್ತದೆ ಅಂತಲೇ ಬರೆದಿಲ್ಲ. ಅಕ್ಷರ ಮಾತ್ರ ದುಂಡಗಿದೆ." ನನ್ನ ಪೆನ್ನು, ಹುಡುಗಿಯ ಬರಹ. ನನ್ನದೇ ಶೈಲಿ, ನಾನು ಮಕ್ಕಳಿಗೆ ಬರೆಯುವ ಮಾತೇ. ಹದಿನೈದು ವರ್ಷದ ಮೇಡಂಗಿರಿಯಲ್ಲಿ ನನಗೆ ಯಾರೂ ಹೀಗೆ ಮಾಡಿರಲಿಲ್ಲ. ಸಿಟ್ಟು ನೆತ್ತಿಗೇರಿತು. ಆಮೇಲೆ ಹಾಳೆಯನ್ನು ಮತ್ತೆ ನೋಡಿದೆ. ಎರಡು ಕೊಟ್ಟಿದ್ದೇ ಹೆಚ್ಚು.

ಜನವರಿ ೧೫

ಸಂಕ್ರಾಂತಿ. ಸೂತಕದ ವರ್ಷ, ನಾವು ಎಳ್ಳು ಬೀರುವ ಹಾಗಿಲ್ಲ. ಪಕ್ಕದ ಮನೆಯ ಚಂದ್ರಕ್ಕ ತಂದುಕೊಟ್ಟರು. ಹುಡುಗಿ ಸಕ್ಕರೆ ಅಚ್ಚಿನ ಕುರಿಯನ್ನು ತಿನ್ನದೆ ಕಿಟಕಿಯ ಮೇಲಿಟ್ಟಿದ್ದಾಳೆ. ಇರುವೆ ಬರುತ್ತವೆ ಎಂದು ಹೇಳಬೇಕೆಂದುಕೊಂಡು ಸುಮ್ಮನಾದೆ.

ಜನವರಿ ೨೫

ಮೊನ್ನೆ ಗೂಬೆಯನ್ನು ಮತ್ತೆ ಬರೆದೆ. "ಹುಣಸೆಗೂಬೆ. ಯಾರಾದರೂ ಸುಳ್ಳು ಹೇಳಿದರೆ ಹಲ್ಲು ಜುಮ್ಮೆನ್ನುವ ಹಾಗೆ ಕೂಗುತ್ತದೆ. ಹಲ್ಲಿಲ್ಲದವರು ಇದರ ಮರದ ಕೆಳಗೆ ನಿಂತು ಏನು ಬೇಕಾದರೂ ಹೇಳಬಹುದು. ನನಗೆ ಹಲ್ಲಿಲ್ಲ." ಹತ್ತಕ್ಕೆ ಆರು. ತಪ್ಪು ಗುರುತಿಲ್ಲ. ನಾಚಿಕೆಯ ಮಾತು, ಆದರೆ ಶಾಲೆಗೆ ನಡೆದು ಹೋಗುವಾಗ ಆ ಆರು ಅಂಕ ನೆನಪಾಗುತ್ತಿತ್ತು.

ಗಿರೀಶ್ ಸಂಜೆ ಫೋನ್ ಮಾಡಿದರು. ಓದಿದ ಮಕ್ಕಳೆಲ್ಲ ಕೇಳುತ್ತಿರುವುದು ಒಂದೇ: ದ್ಯಾವಿ ಏನಾದಳು? ದ್ಯಾವಿ ಒಂದು ನೆರಳುಕುರಿ. ಮೂರನೆಯ ಪುಸ್ತಕದ ಕೊನೆಯಲ್ಲಿ, ಕಳುವಾದ ಸಂಜೆಯನ್ನು ಹುಡುಕಿಕೊಂಡು ಒಂಟಿಯಾಗಿ ಏಳನೆಯ ಸುತ್ತಿಗೆ ಇಳಿಯುತ್ತಾಳೆ. ಅಲ್ಲಿಗೆ ಪುಸ್ತಕ ನಿಂತಿದೆ. "ಪ್ರಾಣಿಕೋಶದಾಗೆ ನೆರಳುಕುರಿ ಅಂತ ಒಂದು ಪುಟ ಬರ್ಲೇಬೇಕು ಮೇಡಂ. ಅಲ್ಲಿ ಬದುಕಿದಾಳೋ ಸತ್ತಳೋ ಹೇಳ್ದೆ ಇದ್ರೆ ಮಕ್ಕಳು ನಮ್ಮನ್ನ ಬಿಡಲ್ಲ."

ಇವರು ನನಗೆ ಹೇಳಿರಲಿಲ್ಲ. ರಾತ್ರಿ ಊಟಕ್ಕೆ ಕೂತಾಗ ಹುಡುಗಿಯನ್ನು ಕೇಳಿದೆ. "ದ್ಯಾವಿ ವಿಷಯ ನಿಮ್ಮಪ್ಪ ನಿಂಗೇನಾದ್ರೂ ಹೇಳಿದ್ರಾ?"

"ದೊಡ್ಡೋಳಾದ್ಮೇಲೆ ಹೇಳ್ತೀನಿ ಅಂದಿದ್ರು," ಎಂದಳು. ಮುದ್ದೆ ಮುರಿಯುತ್ತಿದ್ದ ಕೈ ಅಲ್ಲೇ ನಿಂತಿತು. ಪಾಪ ಅನಿಸಿತು.

ಫೆಬ್ರವರಿ ೮

ಇಂದು ಆದದ್ದನ್ನು ಹೇಗೆ ಬರೆಯಲಿ ತಿಳಿಯದು.

ನೆರಳುಕುರಿಯ ಪುಟ ಬರೆದಿದ್ದೆ. ಚೆನ್ನಾಗಿ ಬಂದಿದೆ ಎಂಬ ಜಂಬವೂ ಇತ್ತು. ಕೊನೆಗೆ ಹೀಗೆ ಮುಗಿಸಿದ್ದೆ: "ಮಂದೆಯಲ್ಲಿ ಒಟ್ಟು ನೂರಾ ಎಂಟು ಇದ್ದವು. ದ್ಯಾವಿ ಹೋದ ಮೇಲೆ ನೂರಾ ಏಳು." ಸತ್ತಳು ಎನ್ನಲಿಲ್ಲ, ಬದುಕಿದಳು ಎನ್ನಲಿಲ್ಲ. ಲೆಕ್ಕ ಮಾತ್ರ ಹೇಳಿದೆ. ಜಾಣತನ ಎಂದುಕೊಂಡೆ.

ಹುಡುಗಿ ಓದಿದಳು. ಹಾಳೆಯನ್ನು ಹರಿದು, ಮತ್ತೆ ಹರಿದು, ಚೂರುಗಳನ್ನು ನನ್ನ ಮುಂದೆ ಹಾಕಿ ಕಿರುಚಿದಳು: "ಮತ್ತೆ ಎಣಿಸಿದ್ರಾ! ಕುರೀನ ಎಣಿಸಬಾರದು, ಎಣಿಸಿದ್ರೆ ಕಡಿಮೆ ಆಗ್ತವೆ ಅಂತ ಗೊತ್ತಿಲ್ವಾ ನಿಮಗೆ? ಆವತ್ತೂ ಎಣಿಸಿದ್ರಿ. ಅಪ್ಪನ್ನೂ ಸೇರ್ಸಿ ಎಣಿಸಿದ್ರಿ!"

ಆಗ ನೆನಪಾಯಿತು. ದೀಪಾವಳಿಗೆ ಮಾರಿಕಣಿವೆಯ ಹತ್ತಿರದ ಹಟ್ಟಿಗೆ, ನಮ್ಮ ಮಾವನವರ ಮನೆಗೆ ಹೋಗಿದ್ದೆವು. ಮಾವನವರದು ಕುರಿ ಸಾಕುವ ಮನೆತನ. ಬೆಳಿಗ್ಗೆ ರೊಪ್ಪದಿಂದ, ಅಂದರೆ ಮುಳ್ಳುಬೇಲಿಯ ದೊಡ್ಡಿಯಿಂದ, ಕುರಿಗಳನ್ನು ಹೊರಗೆ ಬಿಡುತ್ತಿದ್ದರು. ನಾನು ರೊಪ್ಪದ ಬಾಯಲ್ಲಿ ನಿಂತು ಸುಮ್ಮನೆ ಒಂದೊಂದಾಗಿ ಎಣಿಸಿದೆ, ಗಟ್ಟಿಯಾಗಿ. ಲೆಕ್ಕದವಳಿಗೆ ಅದು ಉಸಿರಾಟದ ಹಾಗೆ. ಎಲ್ಲ ಮುಗಿದ ಮೇಲೆ ಇವರು ಹೆಗಲ ಮೇಲೆ ಮರಿ ಹೊತ್ತು ಬಗ್ಗಿಕೊಂಡು ಹೊರಗೆ ಬಂದರು. ನಗುತ್ತ ಇವರ ಬೆನ್ನು ತಟ್ಟಿ, ಇವರಿಗೂ ಒಂದು ನಂಬರು ಕೂಗಿದೆ. ಇವರೂ ಜೋರಾಗಿ ನಕ್ಕರು. ಮಾವನವರು ಕೋಲು ಕೆಳಗಿಟ್ಟು ಒಳಗೆ ಹೋದರು. ನೀರು ಕುಡಿಯಲು ಹೋದರು ಎಂದುಕೊಂಡಿದ್ದೆ.

ಅದಾಗಿ ಮೂರು ವಾರಕ್ಕೆ ಐಮಂಗಲದ ಹತ್ತಿರ ಇವರ ಬೈಕಿಗೆ ಲಾರಿ.

ಈ ಮಗು ಇಷ್ಟು ದಿನ ಇದನ್ನು ಹೊಟ್ಟೆಯಲ್ಲಿಟ್ಟುಕೊಂಡು ನಾನು ಬಡಿಸಿದ್ದನ್ನು ಉಂಡಿದೆ. ನಾನು ಹಾಕಿದ ಜಡೆಯಲ್ಲಿ ಶಾಲೆಗೆ ಹೋಗಿದೆ.

ಫೆಬ್ರವರಿ ೯

ಶಾಲೆಯಲ್ಲಿ ಹಾಜರಿ ತೆಗೆದುಕೊಳ್ಳುವಾಗ, ಬಂದವರೆಷ್ಟು ಎಂದು ಬರೆಯಲು ಕೈ ಬರಲಿಲ್ಲ. ಮಾನಿಟರ್ ಕೈಲಿ ಬರೆಸಿದೆ.

ಫೆಬ್ರವರಿ ೧೬

ಹುಡುಗಿ ಮಾತು ಬಿಟ್ಟು ವಾರವಾಗಿತ್ತು. ಶಿವರಾತ್ರಿಗೆ ಅವಳನ್ನು ಅವಳ ತಾತನ ಹತ್ತಿರ ಕರೆದುಕೊಂಡು ಹೋದೆ. ಹಿರಿಯೂರಿನವರೆಗೆ ಒಂದು ಬಸ್ಸು, ಅಲ್ಲಿಂದ ಇನ್ನೊಂದು. ಅವಳು ಕಿಟಕಿಯ ಕಡೆ, ನಾನು ಈ ಕಡೆ. ಐಮಂಗಲ ಬಂದಾಗ ಇಬ್ಬರೂ ಎದುರಿನ ಸೀಟಿನ ಕಬ್ಬಿಣದ ಸರಳನ್ನೇ ನೋಡಿದೆವು.

ಮಾವ ಕರಿಸಿದ್ದಪ್ಪನವರು ಮಾತಿನ ಮನುಷ್ಯರಲ್ಲ. ಮಗ ಸತ್ತಾಗಲೂ ನನ್ನೊಂದಿಗೆ ಎರಡು ಮಾತಾಡಿದವರಲ್ಲ. ಸಂಜೆ ಕುರಿ ರೊಪ್ಪಕ್ಕೆ ಬರುವಾಗ ಹೋಗಿ ಅವರ ಪಕ್ಕದಲ್ಲಿ ನಿಂತೆ. ಹುಡುಗಿ ಆಚೆ ಮರಿ ಹಿಡಿದುಕೊಂಡು ಕೂತಿದ್ದಳು. ತಡೆಯಲಾಗದೆ ಕೇಳಿಬಿಟ್ಟೆ.

"ಮಾವ, ನಾನು ಆವತ್ತು ಎಣಿಸಿದ್ದಕ್ಕೇ ಇವರು ಹೋದ್ರಾ?"

ಅವರು ನನ್ನ ಕಡೆ ತಿರುಗಲಿಲ್ಲ. ಕುರಿಗಳನ್ನೇ ನೋಡುತ್ತಿದ್ದರು. "ನಮ್ಮಪ್ಪ ಎಣಿಸಬ್ಯಾಡ ಅಂದಿದ್ದ, ನಾನು ಎಣಿಸಿಲ್ಲ. ಎಣಿಸದಿದ್ದಾಗ್ಲೂ ಸತ್ತಾವೆ ಕಣವ್ವ. ರೋಗ ಬಂದು ರೊಪ್ಪಕ್ಕೆ ರೊಪ್ಪನೇ ಖಾಲಿ ಆಗೈತೆ. ಆವಾಗ ಯಾರು ಎಣಿಸಿದ್ರು?"

"ಮತ್ತೆ ಯಾಕೆ ಎಣಿಸಬಾರದು?"

"ಎಣಿಸಿದ್ರೆ ಲೆಕ್ಕ ಉಳ್ಕಂತೈತೆ. ಕುರಿ ಹೋದ ಮ್ಯಾಲೂ ಅದು ಹೋಗಲ್ಲ. ಕಚ್ತಾ ಇರ್ತೈತೆ."

"ಒಂದು ಬರದಿದ್ರೆ ಹೆಂಗೆ ಗೊತ್ತಾಗ್ತದೆ ನಿಮಗೆ?"

"ನೋಡ್ತೀನಿ. ಇಲ್ಲದ್ದು ಎದ್ದು ಕಾಣ್ತೈತೆ," ಎಂದು, ರೊಪ್ಪದ ಬಾಯಿಗೆ ಮುಳ್ಳು ಎಳೆಯದೆ ಹಾಗೇ ನಿಂತರು. ಹಿಂದೆ ಬಿದ್ದ ಒಂದು ಕುಂಟ ಕುರಿ ಬರಬೇಕಿತ್ತು. ಅದು ಬರುವವರೆಗೂ ನಾವಿಬ್ಬರೂ ನಿಂತಿದ್ದೆವು. ಹುಡುಗಿ ಎಲ್ಲ ಕೇಳಿಸಿಕೊಂಡಿದ್ದಳು ಎಂದು ಕಾಣುತ್ತದೆ. ಬರುವಾಗ ಬಸ್ಸಿನಲ್ಲಿ ನಿದ್ದೆಹೋಗಿ ನನ್ನ ತೋಳಿಗೆ ಒರಗಿದಳು. ದುರ್ಗ ಬಂದರೂ ಎಬ್ಬಿಸಲು ಮನಸ್ಸಾಗಲಿಲ್ಲ. ಎಲ್ಲರೂ ಇಳಿದ ಮೇಲೆ ಕಂಡಕ್ಟರ್ ಬಂದು ಹೇಳಬೇಕಾಯಿತು.

ಮಾರ್ಚ್ ೭

ಕೆಂಪು ಪೆನ್ನು ವಾಪಸು ಬಂದಿದೆ.

ಈಗ ಬರೆಯುವುದು ಅಡುಗೆಮನೆಯಲ್ಲಿ. ಮೋನಿ ಕಟ್ಟೆಯ ಮೇಲೆ ಕೂತು ಕಾಲು ಆಡಿಸುತ್ತ ಹೇಳುತ್ತಾಳೆ, ನಾನು ಒಗ್ಗರಣೆಗೂ ಹಾಳೆಗೂ ಓಡಾಡುತ್ತೇನೆ. ಮಂಡಕ್ಕಿಮೀನು ಎಂಬ ಹೊಸ ಪ್ರಾಣಿ ಇಬ್ಬರೂ ಸೇರಿ ಮಾಡಿದ್ದು. ಒಣಗಿದ್ದಾಗ ಹಗುರ, ಗಾಳಿಯಲ್ಲಿ ತೇಲುತ್ತದೆ. ಒದ್ದೆಯಾದರೆ ಸಪ್ಪೆಯಾಗಿ ಅಳುತ್ತದೆ. ಖಾರದಪುಡಿ ಹಾಕಿದರೆ ಸಮಾಧಾನವಾಗುತ್ತದೆ.

"ಮೀನಿಗೆ ಖಾರದಪುಡಿ ಹಾಕಿದ್ರೆ ಸಮಾಧಾನ ಆಗಲ್ಲ ಕಣೇ, ಸಾರಾಗ್ತದೆ," ಎಂದೆ.

ಅವಳು ಬಿದ್ದು ಬಿದ್ದು ನಕ್ಕಳು. ನಗುತ್ತಲೇ ಇದ್ದಕ್ಕಿದ್ದ ಹಾಗೆ ಅಳತೊಡಗಿದಳು. ನಾನು ಒಲೆ ಆರಿಸಿ ಅವಳನ್ನು ತಬ್ಬಿಕೊಂಡೆ. ನಾನೂ ಅತ್ತೆ. ಸಾರು ಹೊತ್ತಿರಲಿಲ್ಲ, ಆದರೆ ಇಬ್ಬರಿಗೂ ಊಟ ಸೇರಲಿಲ್ಲ. ಚಂದ್ರಕ್ಕ ಗೋಡೆಯಾಚೆಯಿಂದ ಏನಾಯ್ತು ಎಂದು ಕೇಳಿದರು. ಈರುಳ್ಳಿ ಎಂದೆ.

ಅವಳ ಯೂನಿಫಾರಂ ಮೋಟಾಗಿದೆ. ಜೂನ್‌ಗೆ ಹೊಸದು ಹೊಲಿಸಬೇಕು.

ಮಾರ್ಚ್ ೨೦

ನಿನ್ನೆ ಯುಗಾದಿ. ಸುಪ್ರಿಯಾ ಫೋನ್ ಮಾಡಿದ್ದಳು. ಹೊಸದುರ್ಗದ ಶಾಲೆಯಲ್ಲಿ ಸೀಟು ಆಯಿತಂತೆ. ಮೋನಿಗೆಂದು ಕಿಟಕಿ ಇರುವ ಕೋಣೆಗೆ ಬಣ್ಣ ಹೊಡೆಸಿದ್ದಾಳಂತೆ. ಅಳತೆಗೆ ಒಂದು ಹಳೆಯ ಯೂನಿಫಾರಂ ಕಳಿಸಿ ಎಂದಳು, ಅವಳೇ ಹೊಲಿಸುತ್ತಾಳೆ.

ಕಳಿಸುತ್ತೇನೆ ಎಂದೆ. ಕಳಿಸಿಲ್ಲ. ಇಡೀ ದಿನ ಸುಮ್ಮಸುಮ್ಮನೆ ಪಾತ್ರೆ ಕುಕ್ಕಿದ್ದೇನೆ. ಏಳನೇ ತರಗತಿಯ ಹುಡುಗನೊಬ್ಬನಿಗೆ ಭಿನ್ನರಾಶಿ ಬರಲಿಲ್ಲವೆಂದು ಅಳುವಷ್ಟು ಬೈದೆ. ಕೊಟ್ಟ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವುದು ಹೇಗೆ? ಆ ಹೆಣ್ಣುಮಗಳ ಮನೆಯ ಗೋಡೆಯ ಬಣ್ಣ ಇನ್ನೂ ಆರಿಲ್ಲ.

ಏಪ್ರಿಲ್ ೧೨

ಪರೀಕ್ಷೆ ಮುಗಿಯಿತು. ಗಿರೀಶ್‌ಗೆ ಎಲ್ಲ ಕಳಿಸಿಯಾಗಿದೆ, ನೆರಳುಕುರಿಯ ಪುಟ ಒಂದು ಬಿಟ್ಟು. ಅದನ್ನು ಇವತ್ತು ಕೂತು ಬರೆದೆ. ಇವರ ದನಿಯಲ್ಲಿ ಬರೆಯಲು ನೋಡಲಿಲ್ಲ. ಗೊಣಗಜ್ಜ ಎಂದರೆ ಈಗ ನನ್ನ ಕಣ್ಣಿಗೆ ಮಾವನವರೇ ಬರುತ್ತಾರೆ.

"ನೆರಳುಕುರಿ. ಸಂಜೆ ಮನೆಗೆ ಹೋಗುವ ಅವಸರದಲ್ಲಿ ಮೇಲಿನವರು ಮರೆತುಬಿಟ್ಟ ನೆರಳುಗಳನ್ನು ಮೇಯುತ್ತದೆ. ಯಾರ ನೆರಳು ಮೇಯಿತೋ ಅವರ ವಾಸನೆ ಅದರ ಉಣ್ಣೆಗೆ ಹತ್ತಿಕೊಳ್ಳುತ್ತದೆ. ದೂರ ಹೋದವರ ನೆನಪಾದರೆ ಅದರ ಕುತ್ತಿಗೆಗೆ ಮೂಗಿಟ್ಟು ಕೂರಬಹುದು. ಅದು ಏನೂ ಅನ್ನುವುದಿಲ್ಲ. ದ್ಯಾವಿ ಬಂದಳೇ ಎಂದು ಮಕ್ಕಳು ನನ್ನನ್ನು ದಿನವೂ ಕೇಳುತ್ತಾರೆ. ನಾನೇನು ಹೇಳಲಿ? ಸಂಜೆ ರೊಪ್ಪದ ಬಾಯಿಗೆ ಮುಳ್ಳು ಎಳೆಯುವುದನ್ನು ಸ್ವಲ್ಪ ತಡಮಾಡುತ್ತೇನೆ, ಅಷ್ಟೇ. ಮಂದೆಯಲ್ಲಿ ಒಟ್ಟು ಎಷ್ಟಿವೆ? ಎಣಿಸಿಲ್ಲ."

ಹಾಳೆ, ಕೆಂಪು ಪೆನ್ನು ಎರಡನ್ನೂ ಅವಳ ಮುಂದಿಟ್ಟೆ. ಪರೀಕ್ಷೆ ಬರೆದ ಹುಡುಗಿಯ ಹಾಗೆ ಎದುರಿಗೆ ಕೂತೆ. ಅವಳು ತುಂಬ ಹೊತ್ತು ಓದಿದಳು. ಅಂಕ ಹಾಕಲಿಲ್ಲ. "ಎಣಿಸಿಲ್ಲ" ಎಂಬುದರ ಮುಂದೆ ತಾನೇ ಒಂದು ಸಾಲು ಸೇರಿಸಿದಳು: "ಹಾಗಾಗಿ ಯಾರೂ ಕಡಿಮೆಯಾಗಿಲ್ಲ."

ಆಮೇಲೆ, "ಅಪ್ಪನೂ," ಎಂದಳು. ಅದನ್ನು ಬರೆಯಲಿಲ್ಲ, ಬಾಯಲ್ಲಿ ಅಷ್ಟೇ.

ಮೇ ೧೭

ಸುಪ್ರಿಯಾ ಬಂದಿದ್ದಳು, ಹೊಲಿಸಿದ ಯೂನಿಫಾರಂ ತೆಗೆದುಕೊಂಡು. ಅಳತೆ ಸಿಗದೆ ಅಂದಾಜಿನ ಮೇಲೆ ಹೊಲಿಸಿದ್ದಳು, ಆದರೂ ಸರಿಯಾಗಿ ಕೂತಿತು. ಮೋನಿ ಅದನ್ನು ಹಾಕಿಕೊಂಡು ನಿಂತಾಗ ಸುಪ್ರಿಯಾ ಬಾಯಿಗೆ ಕೈಯಿಟ್ಟುಕೊಂಡಳು. "ನಮ್ಮಕ್ಕನ ಥರಾನೇ ಕಾಣ್ತಾಳೆ," ಎಂದಳು.

ಅವಳನ್ನು ಹಿತ್ತಲಿಗೆ ಕರೆದು ಹೇಳಿದೆ. ಮೂರು ದಿನದಿಂದ ಮನಸ್ಸಿನಲ್ಲೇ ಹೇಳಿ ನೋಡಿಕೊಂಡಿದ್ದ ಮಾತು. "ಸುಪ್ರಿಯಾ, ಮೋನಿ ಇಲ್ಲೇ ಇರ್ಲಿ. ನಾನು ಹೊಳಲ್ಕೆರೆಗೆ ಹೋಗಲ್ಲ. ನಂಗೆ ಬೇರೆ ದಾರಿ ಬೇಡ."

ಅವಳು ಸಿಟ್ಟಾಗಲಿಲ್ಲ. ಆಗಿದ್ದರೆ ಜಗಳವಾಡಬಹುದಿತ್ತು. "ನೀವೇ ಹೂಂ ಅಂದ್ರಲ್ಲಕ್ಕ. ನಾನು ಕೇಳಿ ಬಾಯಿ ಮುಚ್ಚೋದ್ರೊಳಗೆ ಹೂಂ ಅಂದ್ರಿ. ಮೋನಿ ಬಾಗಿಲ ಹಿಂದೇನೇ ಇದ್ಲು. ಅವತ್ತು ನನ್ ಕೈ ಹಿಡ್ಕಂಡು ಕೇಳಿದ್ಲು, ನಾನು ಯಾರಿಗೂ ಬ್ಯಾಡ ಅಂದ್ರೆ ನಿಂಗಾದ್ರೂ ಬೇಕಾ ಚಿಕ್ಕಮ್ಮ ಅಂತ. ಬೇಕು ಅಂತ ಅಂದಿದೀನಿ ಕಣಕ್ಕ. ಈಗ ಹೆಂಗೆ ಬ್ಯಾಡ ಅನ್ಲಿ?"

ಬಾಗಿಲ ಹಿಂದೆ ಇದ್ದಳು. ಬಸ್ಸಿನಲ್ಲಿ ಸೀಟು ಬಿಟ್ಟುಕೊಡುವ ಹಾಗೆ ನಾನಂದ ಆ ಮಾತನ್ನು ಕೇಳಿಸಿಕೊಂಡಿದ್ದಳು.

ಸಂಜೆ ಮೋನಿಯನ್ನೇ ಕೇಳಿದೆ. "ಇಲ್ಲೇ ಇರ್ತೀಯೇನೇ ಪುಟ್ಟ?"

ಜಡೆಯ ತುದಿ ಕಚ್ಚುತ್ತ ಕೂತಿದ್ದಳು. "ಚಿಕ್ಕಮ್ಮ ಅಮ್ಮನ ಥರಾನೇ ನಗ್ತಾಳಂತೆ ಮಿಸ್. ಅಪ್ಪ ಹೇಳ್ತಿದ್ರು. ಅಮ್ಮ ಹೆಂಗೆ ನಗ್ತಿದ್ಲು ಅಂತ ನಂಗೆ ನೆನಪೇ ಇಲ್ಲ." ಆಮೇಲೆ ಜಡೆ ಬಿಟ್ಟು, "ನಾನು ಹೋಗ್ಲಿಲ್ಲ ಅಂದ್ರೆ ಚಿಕ್ಕಮ್ಮ ಅಳ್ತಾಳೆ. ನೀವು ಅಳಲ್ವಲ್ಲ ಮಿಸ್. ನೀವು ಗಟ್ಟಿ."

ಹೌದು ಎಂದೆ. ಗಟ್ಟಿ ಎಂದೆ. ಹುಣಸೆಗೂಬೆ ಎಲ್ಲಿದ್ದರೂ ಕೂಗಿರಬೇಕು.

ಮೇ ೩೦

ಬಸ್‌ಸ್ಟ್ಯಾಂಡಿಗೆ ಹೋಗಿ ಬಂದೆ. ಹೊಸದುರ್ಗದ ಬಸ್ಸು ಬಹಳ ತುಂಬಿತ್ತು. ಸುಪ್ರಿಯಾ ಒಳಗೆ ಹೋಗಿ ಕಿಟಕಿಯ ಪಕ್ಕ ಸೀಟು ಹಿಡಿದಳು. ಮೋನಿ ಕೆಳಗೇ ನಿಂತಿದ್ದಳು, ಅಪ್ಪನ ಮೂರು ಪುಸ್ತಕ ಎದೆಗೊತ್ತಿಕೊಂಡು. ಬುತ್ತಿಗೆ ಚಿತ್ರಾನ್ನ ಕಟ್ಟಿಕೊಟ್ಟಿದ್ದೆ. ಕಲ್ಲಾಮೆಯ ಮೇಲೆ ಕೂತು ತಿನ್ನಬೇಡ ಎಂದೆ. ಅವಳು ನಗಲು ನೋಡಿದಳು, ಆಗಲಿಲ್ಲ. ನನಗೂ ಆಗಲಿಲ್ಲ.

ಡ್ರೈವರ್ ಹಾರ್ನ್ ಹೊಡೆದ. ಹತ್ತಿ ಕಿಟಕಿಗೆ ಬಂದಳು. ನಾನು ಅವಳ ಬೆರಳು ಹಿಡಿದುಕೊಂಡು ಲೆಕ್ಕದ ಮೇಡಂ ಹಾಗೆಯೇ ಮಾತಾಡಿದೆ: ದಸರಾ ರಜೆ ಅಕ್ಟೋಬರ್‌ನಲ್ಲಿ, ಇನ್ನು ಎಷ್ಟು ದಿನ ಅಂದರೆ, ಜೂನ್‌ಗೆ ಮೂವತ್ತು, ಜುಲೈಗೆ...

"ಎಣಿಸಬೇಡಿ ಮಿಸ್!"

ಪಕ್ಕದವರೆಲ್ಲ ತಿರುಗಿ ನೋಡುವಷ್ಟು ಜೋರಾಗಿ ಅಂದಳು. ಅವಳ ಕಣ್ಣಲ್ಲಿ ಹೆದರಿಕೆ ಇತ್ತು. ಬಸ್ಸು ಹೊರಟಿತು. ನಾನು ಕಿಟಕಿ ಹಿಡಿದು ನಾಲ್ಕು ಹೆಜ್ಜೆ ಓಡಿದೆ. "ದಿನ ಎಣಿಸಬೇಡಿ. ನಾನೂ ಎಣಿಸಲ್ಲ. ನಿಮಗೇನೂ ಆಗಬಾರದು ಮಿಸ್," ಎಂದು ಕೂಗುತ್ತಲೇ ಇದ್ದಳು.

ಬಂದು ಅವಳ ಕೋಣೆಯ ಬಾಗಿಲು ತೆರೆದೆ. ಕಿಟಕಿಯ ಮೇಲೆ ಸಕ್ಕರೆಯ ಕುರಿ ಇನ್ನೂ ಇದೆ. ಇರುವೆ ಅರ್ಧ ತಿಂದಿವೆ. ಅಲ್ಲೇ ನೆಲದ ಮೇಲೆ ಕೂತು ಅತ್ತೆ. ನಾನು ಗಟ್ಟಿಯಲ್ಲ. ಅದನ್ನು ಅವಳಿಗೆ ಮೊದಲೇ ಹೇಳಬೇಕಿತ್ತು.

ಜೂನ್

ತಾರೀಖು ಹಾಕುತ್ತಿಲ್ಲ.

ಗಿರೀಶ್ ಪ್ರಾಣಿಕೋಶದ ಪ್ರತಿ ಕೊಟ್ಟುಹೋದರು. ಮುಖಪುಟದಲ್ಲಿ ಇವರ ಹೆಸರು, ನನ್ನ ಹೆಸರು, ಮೋನಿಯ ಹೆಸರು. ಹಳೇ ಪಠ್ಯಪುಸ್ತಕದ ಹಾಗೆ ಬೆನ್ನಿಗೆ ಮುದ್ರೆ ಒತ್ತಿದ್ದಾರೆ: ಕೆಳದುರ್ಗದ ಹೊರಗೆ ಮಾರತಕ್ಕದ್ದಲ್ಲ. ಒಂದು ಪ್ರತಿಯನ್ನು ಹೊಸದುರ್ಗಕ್ಕೆ ಕಳಿಸಿದೆ. ಜೊತೆಗೆ ಒಂದು ಹೊಸ ಕೆಂಪು ಪೆನ್ನು. ಇನ್ನೊಂದನ್ನು ಮಾವನವರಿಗೆ ಕೊಟ್ಟುಬಂದೆ. ಅವರಿಗೆ ಓದಲು ಬರುವುದಿಲ್ಲ. ನೆರಳುಕುರಿಯ ಪುಟ ಓದಿ ಹೇಳಿದೆ. ಕೇಳಿ ಹೆಗಲ ಕಂಬಳಿಯಲ್ಲಿ ಕಣ್ಣೊರೆಸಿಕೊಂಡು, "ಮುಳ್ಳು ಎಳೆಯೋದು ತಡ ಆದ್ರೆ ತೋಳ ಬರ್ತೈತೆ ಅಂತ ಹೇಳ್ರಿ ಆ ಅಜ್ಜಂಗೆ," ಎಂದರು.

ಸಂಜೆ ಗೇಟಿನ ಹತ್ತಿರ ನಿಂತಿದ್ದಾಗ ಚಂದ್ರಕ್ಕ ಕೇಳಿದರು, "ಮಗು ಹೋಗಿ ಎಷ್ಟು ದಿನ ಆಯ್ತು ಮಮತಾ?"

"ಎಣಿಸಿಲ್ಲ ಚಂದ್ರಕ್ಕ," ಎಂದೆ.

ಅವರು ನನ್ನ ಮುಖ ನೋಡಿ ಒಳಗೆ ಹೋದರು. ಮನೆಯಲ್ಲಿ ಎಲ್ಲ ಮಾಮೂಲು. ಶಾಲೆ ಶುರುವಾಗಿದೆ, ಎಂಟನೇ ತರಗತಿಗೆ ಪಾಠ ನಡೆಯುತ್ತಿದೆ. ಕತ್ತಲಾದ ಮೇಲೆ ಬಾಗಿಲು ಹಾಕುವುದನ್ನು ಸ್ವಲ್ಪ ತಡಮಾಡುತ್ತೇನೆ, ಅಷ್ಟೇ.